ವೇದಾವತಿಯ ಎಡಗಾಲು

"ಕಾಲು ನಂದು ಕಣತ್ತೆ! ಉದ್ದಕ್ಕಾದ್ರೂ ಕೊಯ್ಸಿಕೊಂತೀನಿ, ಅಡ್ಡಕ್ಕಾದ್ರೂ ಕೊಯ್ಸಿಕೊಂತೀನಿ, ಬೇಕಾದ್ರೆ ಕತ್ತರಿಸಿ ತಿಪ್ಪೆಗೆ ಎಸೀತೀನಿ. ನಿಮಗೇನು?"

"ನಿಂದಂತೆ ನಿಂದು! ತಲೆಗಿಂತ ಮುಂಚೆ ಹೊಟ್ಟೆಯಿಂದ ಆಚೆಗೆ ಬಂದ ಕಾಲು ಅದು. ನಾಕು ತಾಲ್ಲೂಕಿನ ಜನ ನಂಬ್ಕೊಂಡವ್ರೆ. ಅಂಥಾ ಕಾಲಿಗೆ ಕತ್ತಿ ತಾಗಿಸ್ತಾರೇನಮ್ಮಿ?"

"ಜನ ನಂಬ್ಕೊಂಡಿದ್ರೆ ಜನಾನೇ ಹೊತ್ಕೊಂಡು ತಿರುಗ್ಲಿ. ಕುಂಟೋಳು ನಾನು, ಬೀಳೋಳು ನಾನು."

"ಆಪರೇಷನ್ನೇ ಬ್ಯಾಡ ಅಂದ್ನಾ ನಾನು? ತೂತಿನ ಆಪರೇಷನ್ ಮಾಡಿಸ್ಕೊ ಅಂದೆ. ಮೂರೇ ತೂತಂತೆ, ಕಡಲೆಬೀಜದಷ್ಟು. ಮೂಗು ಚುಚ್ಚಿಸ್ಕೊಂಡಿಲ್ವಾ? ಕಿವಿ ಚುಚ್ಚಿಸ್ಕೊಂಡಿಲ್ವಾ? ಚುಚ್ಚಿದ್ರೆ ಕಾಲಿನ ಗುಣ ಹೋಗಲ್ಲ. ಕೊಯ್ದ್ರೆ ಹೋಯ್ತದೆ."

"ಹೋಗ್ಲಿ ಅಂತ್ಲೇ ಕೊಯ್ಸಿಕೊಂತಿರೋದು!"

ಹುಣಸೆಹಣ್ಣು ಬಡಿಯುತ್ತಿದ್ದ ಓಬಳಮ್ಮನ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು. ಸೊಸೆ ಇಷ್ಟು ದಿನ ಕೊಯ್ಯುವ ಆಪರೇಷನ್ನೇ ಗಟ್ಟಿ, ತೂತಿನದು ಮೇಲುಮೇಲಿನ ಕೆಲಸ ಎಂದೆಲ್ಲ ಹೇಳಿಕೊಂಡು ಬಂದಿದ್ದಳು. ಒಳಗಿನ ಮಾತು ಈಗ ಬಾಯಿಂದ ಬಿದ್ದಿತ್ತು. ಬಾಗಿಲ ಬಳಿ ಗೂಡ್ಸ್ ಆಟೋದ ಚಕ್ರಕ್ಕೆ ಗಾಳಿ ಹಾಕುತ್ತಿದ್ದ ನರಸಿಂಹರಾಜು ತಲೆ ಎತ್ತಿ ಹೆಂಡತಿಯನ್ನೂ ತಾಯಿಯನ್ನೂ ನೋಡಿ, ಇದು ತನ್ನ ಕೈಯಲ್ಲಿ ಬಗೆಹರಿಯುವ ಜಗಳವಲ್ಲ ಎಂದು ಮತ್ತೆ ಪಂಪಿನ ಮೇಲೆ ಬಾಗಿದ.

ವೇದಾವತಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ತಾಗಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ, ಉಳುಕು ಇಳಿಯುತ್ತದೆ ಎಂಬುದು ಆ ಕಡೆಯ ನಂಬಿಕೆ. ಅವಳಿಗಿನ್ನೂ ನೆಟ್ಟಗೆ ನಿಲ್ಲಲು ಬಾರದಿದ್ದಾಗಲೇ ಯಾರದೋ ಬೆನ್ನಿನ ಮೇಲೆ ಅವಳ ಪಾದ ಒತ್ತಿಸಿದ್ದರಂತೆ. ಮದುವೆಯಾಗಿ ಕೊಡಿಗೇನಹಳ್ಳಿ ಪಕ್ಕದ ಈ ಊರಿಗೆ ಬರುವ ಹೊತ್ತಿಗೆ ಅವಳಿಗಿಂತ ಮುಂಚೆ ಅವಳ ಕಾಲಿನ ಸುದ್ದಿ ಬಂದಿತ್ತು. ಓಬಳಮ್ಮ ಸೊಸೆಯ ಮುಖ ನೋಡುವ ಮೊದಲು ಪಾದ ನೋಡಿದಳು ಎಂದು ಊರಲ್ಲಿ ಈಗಲೂ ನಗುತ್ತಾರೆ.

ಅದಕ್ಕೆ ಒಂದು ಕ್ರಮವಿತ್ತು. ಹೊತ್ತು ಹುಟ್ಟುವ ಮುಂಚೆ ಬರಬೇಕು. ಬಾಯಿಗೆ ಏನೂ ಹಾಕಿರಬಾರದು, ಈಕೆಯೂ ಹಾಕಿರಬಾರದು. ಬಂದವರು ಹೊಸ್ತಿಲ ಮೇಲೆ ಅಡ್ಡಲಾಗಿ ಬೋರಲು ಮಲಗಬೇಕು. ವೇದಾವತಿ ಬಾಗಿಲ ಚೌಕಟ್ಟು ಹಿಡಿದು, ಬಲಗಾಲ ಮೇಲೆ ನಿಂತು, ಎಡಗಾಲ ಹೊರಅಂಚಿನಿಂದ ಸೊಂಟವನ್ನು ಮೂರು ಸಲ ನೀವುತ್ತಾಳೆ. ಮುಗಿದ ಮೇಲೆ ದುಡ್ಡಿಲ್ಲ, ಕಾಯಿಲ್ಲ, ಒಂದು ಲೋಟ ನೀರೂ ಇಲ್ಲ. ಎದ್ದವರು ಮಾತಾಡದೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೇಟು ದಾಟುವ ತನಕ ತಿರುಗಿ ನೋಡಬಾರದು. ತಿರುಗಿದರೆ ಬಿಟ್ಟ ನೋವಿಗೆ ಹೋಗಲು ದಾರಿ ತಿಳಿಯುವುದಿಲ್ಲ, ಅದು ಮನೆಯಲ್ಲೇ ನಿಂತುಬಿಡುತ್ತದೆ ಎನ್ನುತ್ತಿದ್ದರು.

ಸಿರಾದಿಂದ ಗಾರೆ ಕೆಲಸದವರು ಬರುತ್ತಿದ್ದರು. ವೈ.ಎನ್.ಹೊಸಕೋಟೆಯಿಂದ ಕಡಲೆಕಾಯಿ ಮೂಟೆ ಹೊರುವವರು "ನಡುಮು ಪಟ್ಟೇಸಿಂದಮ್ಮಾ" ಎಂದು ತೆಲುಗಿನಲ್ಲಿ ನರಳುತ್ತ ಸೊಂಟ ಹಿಡಿದುಕೊಂಡೇ ಬಸ್ಸು ಇಳಿಯುತ್ತಿದ್ದರು. ಒಬ್ಬರೂ ತಿರುಗಿ ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಗಂಗಹನುಮಯ್ಯ ನೋಡಿದ.

ಅವನು ಕೊರಟಗೆರೆ ಕಡೆಯವನು. ಕೆಟ್ಟ ಬೋರ್‌ವೆಲ್ಲಿನಿಂದ ಪೈಪು, ಮೋಟರು ಮೇಲೆತ್ತುವುದು ಅವನ ಕಸುಬು. ಆಳು ದೊಡ್ಡದು, ನಗು ಇನ್ನೂ ದೊಡ್ಡದು. ಹೊಸ್ತಿಲ ಮೇಲೆ ಮಲಗಿದಾಗ ತಲೆ ಒಳಗೆ, ಕಾಲು ಜಗುಲಿ ಆಚೆಗೆ. ವೇದಾವತಿ ನೀವಿದಳು. ಅವನು ಎದ್ದ, ಸೊಂಟ ಆಡಿಸಿ ನೋಡಿಕೊಂಡ, ಹೊರಟ. ಗೇಟಿನ ಚಿಲಕ ತೆಗೆದ ಮೇಲೆ ಏನು ಹೊಳೆಯಿತೋ, ಕತ್ತು ಹೊರಳಿಸಿ ನಕ್ಕ.

"ಅಲ್ಲ ತಾಯಿ, ನಿನ್ ಕಾಲೇ ಉಳುಕಿದ್ರೆ ಯಾರು ನೀವ್ತಾರೆ?"

"ತಿರುಗಬ್ಯಾಡ ಮುಂಡೇದೇ!" ಎಂದು ಓಬಳಮ್ಮ ಒಳಗಿಂದ ಕೂಗಿಕೊಂಡಳು. ಅಷ್ಟರಲ್ಲಿ ಅವನು ತಿರುಗಿ, ಕೇಳಿ, ಹೋಗಿಯೂ ಆಗಿತ್ತು.

ಅದೇ ವಾರ ಅವನು ಸತ್ತ. ಪೈಪು ಎತ್ತುವಾಗ ಸರಪಳಿ ಜಾರಿತಂತೆ. ಜೊತೆಯವರು ಹೇಳಿದ್ದು ಊರೂರು ದಾಟಿಕೊಂಡು ಇಲ್ಲಿಗೂ ಬಂತು: ಯಾರೋ ಹಿಂದಿನಿಂದ ಕರೆದ ಹಾಗೆ ಗಂಗಹನುಮಯ್ಯ ತಿರುಗಿ ನೋಡಿದನಂತೆ, ಆ ಗಳಿಗೆಯಲ್ಲೇ ಪೈಪು ಮೈಮೇಲೆ ಬಂತಂತೆ. ಸುದ್ದಿ ಕೇಳಿ ಬಾವಿಕಟ್ಟೆಯಿಂದ ಬರುತ್ತಿದ್ದ ವೇದಾವತಿಯ ಎಡಗಾಲು ಸಮನೆಲದ ಮೇಲೆ ಹೊರಳಿತು. ಕಲ್ಲಿರಲಿಲ್ಲ, ಕುಳಿಯಿರಲಿಲ್ಲ. ಹಿಮ್ಮಡಿ ಒಳಕ್ಕೆ ಮಡಚಿ, ಪಾದದ ಕೀಲಿನ ಹರಡು ನೆಲಕ್ಕೆ ಬಡಿಯಿತು.

ಆಮೇಲೆ ಅದಕ್ಕೆ ಕೊನೆಯೇ ಇಲ್ಲವಾಯಿತು. ಊದಿಕೊಳ್ಳುವುದು, ಇಳಿಯುವುದು, ಮತ್ತೆ ಹೊರಳುವುದು. ಹೊರಳುವುದಕ್ಕೆ ಸ್ವಲ್ಪ ಮುಂಚೆ ಬೆನ್ನ ಹಿಂದೆ ಗೇಟಿನ ಚಿಲಕ ತೆಗೆದ ಸದ್ದಾಗುತ್ತಿತ್ತು. ಮನೆಯಲ್ಲಿದ್ದರೂ ಸರಿ, ಸಂತೆಯಲ್ಲಿದ್ದರೂ ಸರಿ. ಸದ್ದಿನ ಹಿಂದೆಯೇ ಆ ಮಾತು: ಯಾರು ನೀವ್ತಾರೆ? ಬೆದರಿಸುವ ದನಿಯಲ್ಲ. ಅವತ್ತಿನ ಹಾಗೆಯೇ ನಗುವ ದನಿ. ಅದಕ್ಕೇ ಅವಳಿಗೆ ಹೆದರಿಕೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ.

ನೀವುವುದನ್ನು ಮಾತ್ರ ಬಿಡಲಾಗಲಿಲ್ಲ. ಬೆಳಗಾಗುವ ಮುಂಚೆ ಯಾರಾದರೂ ನರಳುತ್ತ ಬಂದು ಹೊಸ್ತಿಲ ಮೇಲೆ ಮಲಗಿಬಿಡುತ್ತಿದ್ದರು. ಮಲಗಿದವರನ್ನು ದಾಟಿಕೊಂಡು ಹೋಗುವುದು ಹೇಗೆ? ಒಬ್ಬೊಬ್ಬರು ಎದ್ದು ಗೇಟಿನ ತನಕ ನಡೆಯುವಾಗಲೂ ಅವಳು ಉಸಿರು ಹಿಡಿದು ಅವರ ಕತ್ತನ್ನೇ ನೋಡುತ್ತ ನಿಲ್ಲುತ್ತಿದ್ದಳು. ಈಗ ತಿರುಗುತ್ತಾನೆ, ಈಗ ತಿರುಗುತ್ತಾಳೆ.

ಶಾಲೆಯಲ್ಲಿ ಬಿಸಿಯೂಟ ಬಡಿಸುವಾಗ ನಡೆದದ್ದು ಮಾತ್ರ ಮಿತಿ ಮೀರಿತು. ವೇದಾವತಿ ಅಲ್ಲಿ ಅಡುಗೆಯವಳು. ಕುದಿಯುವ ಸಾರಿನ ಪಾತ್ರೆ ಹಿಡಿದು ಸಾಲಿನ ಮಧ್ಯೆ ಬರುತ್ತಿದ್ದಾಗ ಚಿಲಕ ಸದ್ದಾಯಿತು. ಕಾಲು ಹೊರಳಿತು. ಪಾತ್ರೆ ಗೋಡೆ ಕಡೆಗೆ ಬಿತ್ತು. ಈ ಕಡೆಗೆ ಬಿದ್ದಿದ್ದರೆ ಮಕ್ಕಳ ಗತಿ ಏನು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೆಡ್‌ಮೇಷ್ಟ್ರು ರಂಗರಾಜು "ಕಾಲು ಸರಿ ಮಾಡಿಸ್ಕೊಂಡು ಬಾಮ್ಮ, ಅಲ್ಲೀತಂಕ ಒಲೆ ಹತ್ರ ಬರ್ಬ್ಯಾಡ" ಎಂದಷ್ಟೇ ಹೇಳಿದರು. ಆ ದಿನ ಅವಳು ಮನೆಗೆ ಬಂದು ಅತ್ತಳು. ಅವಳು ಅತ್ತಿದ್ದನ್ನು ನರಸಿಂಹರಾಜು ನೋಡಿದ್ದು ಅದೇ ಮೊದಲು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅಂಜನ್ ಕುಮಾರ್ ಮೊದಲು ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರು. ಒಂಟಿಕಾಲಲ್ಲಿ ನಿಲ್ಲುವುದು, ಪಾದಕ್ಕೆ ರಬ್ಬರು ಪಟ್ಟಿ ಹಾಕಿ ಎಳೆಯುವುದು. ತಿಂಗಳುಗಟ್ಟಲೆ ಮಾಡಿದರೂ ಕಾಲು ಹೊರಳುವುದು ನಿಲ್ಲಲಿಲ್ಲ. ಸ್ಕ್ಯಾನ್ ಆಯಿತು. ಆಗಲೇ ಎರಡು ಥರದ ಆಪರೇಷನ್ನಿನ ಮಾತು ಬಂದದ್ದು, ಮನೆಯಲ್ಲಿ ಜಗಳ ಹತ್ತಿದ್ದು.

ಜಗಳದ ಮಾರನೆಯ ದಿನ ಗಂಡ ಹೆಂಡತಿ ಮತ್ತೆ ಡಾಕ್ಟರ ಮುಂದೆ ಕೂತರು. ಡಾಕ್ಟರಿಗೆ ತಾಳ್ಮೆ ಇತ್ತು. ಮೊದಲಿಂದ ಹೇಳಿದರು.

"ನೋಡಿಯಮ್ಮ, ಹಗ್ಗದ ಮಂಚ ಸಡಿಲವಾದರೆ ಏನಾಗುತ್ತೆ? ಕೂತ ಕಡೆ ಜಗ್ಗುತ್ತೆ. ನಿಮ್ಮ ಹರಡಿನ ಹೊರಗಡೆ ಮೂಳೆಗೂ ಮೂಳೆಗೂ ಕಟ್ಟಿದ ಹಗ್ಗ ಹಾಗೇ ಸಡಿಲವಾಗಿದೆ. ಅದನ್ನು ಎಳೆದು ಮೂಳೆಗೆ ಬಿಗಿದು ಹೊಲೀಬೇಕು. ಇಲ್ಲಿ ಕಿರುಬೆರಳಷ್ಟು ಉದ್ದ ಕೊಯ್ದು, ಕಣ್ಣಾರೆ ನೋಡಿ ಹೊಲಿಯೋದು ಒಂದು. ತುಂಬಾ ವರ್ಷದಿಂದ ಮಾಡ್ತಾ ಬಂದಿರೋದು. ಸಣ್ಣ ತೂತುಗಳಿಂದ ಕ್ಯಾಮರಾ ಇಳಿಸಿ, ಟೀವಿಯಲ್ಲಿ ನೋಡಿಕೊಂಡು ಹೊಲಿಯೋದು ಇನ್ನೊಂದು. ಇದರಲ್ಲಿ ಮೊದಲ ವಾರಗಳಲ್ಲಿ ನೋವು ಕಮ್ಮಿ, ಬೇಗ ಓಡಾಡಬಹುದು. ಆದರೆ ಅಲ್ಲೇ ಪಕ್ಕದಲ್ಲಿ ನರ ಇದೆ, ಒಳಗೆ ದಾರ ಹಾಕುವಾಗ ಅದು ಸಿಕ್ಕಿಕೊಂಡರೆ ಪಾದ ಜೋಮು ಹಿಡಿಯಬಹುದು. ಕೊಯ್ದು ಮಾಡಿದರೂ ನರಕ್ಕೆ ಅಪಾಯ ಇಲ್ಲ ಅಂತಿಲ್ಲ."

"ಯಾವ್ದು ಗಟ್ಟಿ ಸಾರ್?" ಎಂದ ನರಸಿಂಹರಾಜು.

"ಒಂದು ವರ್ಷ ಆದಮೇಲೆ ನೋಡಿದರೆ ಹೆಚ್ಚುಕಮ್ಮಿ ಎರಡೂ ಒಂದೇ."

"ಎರಡೂ ಒಂದೇ ಆದ್ರೆ ಎರಡು ಯಾಕ್ ಮಡಗವ್ರೆ ಸಾರ್?"

ಡಾಕ್ಟರು ನಕ್ಕರು. "ಎಲ್ಲರ ಕಾಲೂ ಒಂದೇ ಅಲ್ಲವಲ್ಲ. ಹಗ್ಗ ತೀರಾ ಹಿಂಜಿಹೋಗಿದ್ದರೆ ನಾನೇ ಕೊಯ್ದು ಮಾಡ್ತೀನಿ. ಇವರದು ಸ್ಕ್ಯಾನಲ್ಲಿ ನೋಡಿದರೆ ತೂತಿನಲ್ಲೇ ಆಗೋ ಹಾಗಿದೆ. ನನ್ನ ಸಲಹೆ ಅದೇ."

"ನಂಗೆ ಬ್ಯಾಡ," ಎಂದಳು ವೇದಾವತಿ. "ಕೊಯ್ರಿ."

"ಯಾಕಮ್ಮ?"

"ಯಾಕೆ ಅಂತೆಲ್ಲ ಯಾಕೆ ನಿಮಗೆ? ಎರಡೂ ಒಂದೇ ಅಂದ್ರಲ್ಲ ಈಗ. ಒಂದೇ ಆದ್ರೆ ನಾ ಕೇಳಿದ್ದು ಮಾಡಕ್ಕೇನು ಕಷ್ಟ?"

"ಲೇ, ಮೆಲ್ಲಗೆ," ಎಂದು ಗಂಡ ಮೊಣಕೈಯಿಂದ ತಿವಿದ. ಅವಳು ಅವನ ಕೈಯನ್ನು ತಳ್ಳಿದಳು. ತಳ್ಳಿದವಳೇ ಎಲ್ಲ ಹೇಳಿಬಿಟ್ಟಳು. ಹೊಸ್ತಿಲು, ಮೂರು ಸಲ, ಗಂಗಹನುಮಯ್ಯ, ಚಿಲಕದ ಸದ್ದು. ಕತ್ತಿ ಬಿದ್ದ ಕಾಲನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ತೂತಾದರೆ ವಾಸಿಯಾಗಿ ಮುಚ್ಚಿಹೋಗುತ್ತದೆ, ಬರುತ್ತಲೇ ಇರುತ್ತಾರೆ. ಬರುವವರೆಲ್ಲರ ಹಿಂದೆ ಅವನೂ ಬರುತ್ತಾನೆ. ಗಂಡನಿಗೂ ಆ ಸದ್ದಿನ ವಿಷಯ ಇವತ್ತಿನ ತನಕ ಗೊತ್ತಿರಲಿಲ್ಲ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಡಾಕ್ಟರು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಚಿಲಕದ ಸದ್ದಿಗೆ ನನ್ನ ಹತ್ತಿರ ಆಪರೇಷನ್ ಇಲ್ಲಮ್ಮ. ಹಗ್ಗ ಬಿಗಿ ಮಾಡಿಕೊಡ್ತೀನಿ. ಕೊಯ್ದೇ ಮಾಡಿ ಅಂದರೆ ಅದು ತಪ್ಪೇನೂ ಅಲ್ಲ, ಮಾಡ್ತೀನಿ. ಆದರೆ ಮೊದಲು ಕ್ಯಾಮರಾ ಇಳಿಸಿ ಒಳಗೆ ನೋಡೇ ನೋಡ್ತೀನಿ. ಕೀಲಿನ ಒಳಗೆ ಬೇರೆ ಏನಾದರೂ ಕೆಟ್ಟಿದೆಯಾ ಅಂತ ತಿಳಿಯದೆ ನಾನು ಹೊಲಿಯಲ್ಲ."

ಹೀಗಾಗಿ ಅವಳ ಕಾಲಿಗೆ ತೂತೂ ಬಿತ್ತು, ಕತ್ತಿಯೂ ಬಿತ್ತು.

ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗೆ ಏನೂ ಇಲ್ಲವಾಯಿತು. ನಡುವೆ ಹಸಿರು ಬಟ್ಟೆಯ ಪರದೆ. ಅದರಾಚೆ ಯಾರ ಕಾಲನ್ನೋ ಯಾರೋ ಎತ್ತಿ ಇಡುತ್ತಿದ್ದರು. "ನೋಡ್ತೀರಾ?" ಎಂದು ಡಾಕ್ಟರು ಟೀವಿಯನ್ನು ಇತ್ತ ತಿರುಗಿಸಿದರು.

ಅದು ಕಾಲಿನ ಒಳಗು ಎಂದು ಅವಳಿಗೆ ಅನ್ನಿಸಲಿಲ್ಲ. ನೀರು ತುಂಬಿದ ಗವಿ. ನುಣ್ಣಗಿನ ಬಿಳಿ ಬಂಡೆ, ಕೋಡಿ ನೀರಲ್ಲಿ ಹುಲ್ಲು ಆಡುವ ಹಾಗೆ ಆಡುತ್ತಿದ್ದ ಬಿಳಿ ಎಳೆಗಳು. "ಇದೇ ನಿಮ್ಮ ಸಡಿಲವಾದ ಹಗ್ಗ," ಎಂದರು ಡಾಕ್ಟರು. ಕ್ಯಾಮರಾ ಮೂಲೆಗೆ ಹೊರಳಿತು. ಅಲ್ಲಿ ಹುಣಸೆಬೀಜದಷ್ಟು ಒಂದು ಚೂರು, ಯಾವುದಕ್ಕೂ ಅಂಟಿಕೊಳ್ಳದೆ ತೇಲುತ್ತಿತ್ತು.

"ಇದೊಂದು ಇತ್ತಾ ಇಲ್ಲಿ," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. "ಉಳುಕಿ ಉಳುಕಿ ಮೂಳೆಯ ಚಕ್ಕೆ ಎದ್ದು ಬಂದಿರೋದು."

ಇಕ್ಕಳ ಹತ್ತಿರ ಹೋಯಿತು. ಚೂರು ದೂರ ಸರಿಯಿತು. ಮತ್ತೆ ಹತ್ತಿರ ಹೋಯಿತು. ಗವಿಯ ಬಾಯಿಯ ತನಕ ಹೋದ ಆ ಚೂರು ಅಲ್ಲಿ ನಿಂತು, ನಿಧಾನವಾಗಿ, ಮನುಷ್ಯ ಕತ್ತು ಹೊರಳಿಸಿದ ಹಾಗೆ, ಈ ಕಡೆಗೆ ತಿರುಗಿತು.

ವೇದಾವತಿ ಕಿರುಚಿದಳಂತೆ. ಅವಳಿಗೆ ನೆನಪಿಲ್ಲ. ಆಮೇಲೆ ಏನೋ ಸೂಜಿ ಕೊಟ್ಟು ಮಂಪರು ಬರಿಸಿದರು. ಎಚ್ಚರವಾದಾಗ ಕಾಲಿಗೆ ಮೊಣಕಾಲ ತನಕ ಕಟ್ಟು ಬಿದ್ದಿತ್ತು. ಅವಳು ಮೊದಲು ಕೇಳಿದ್ದು, "ಆ ಚೂರು ಎಲ್ಲಿ?"

"ತೆಗೆದೆವು. ಕಸಕ್ಕೆ ಹೋಯಿತು," ಎಂದಳು ನರ್ಸು.

"ಯಾವ ಕಸಕ್ಕೆ?"

"ಅಯ್ಯೋ, ಆಸ್ಪತ್ರೆ ಕಸಕ್ಕಮ್ಮ. ಅದನ್ನೇನು ಪೂಜೆ ಮಾಡ್ತೀರಾ?"

ಅದು ದಾರಿ ತಿಳಿದು ಹೋಯಿತೋ ಇಲ್ಲವೋ ಎಂಬ ಯೋಚನೆ ಅವಳನ್ನು ಮನೆಯ ತನಕ ಬಿಡಲಿಲ್ಲ.

ಕಟ್ಟು ಬಿಚ್ಚಿದ ದಿನ ಓಬಳಮ್ಮ ಹತ್ತಿರ ಬಂದು, ಹರಡಿನ ಕೆಳಗೆ ಕುಡುಗೋಲಿನ ಹಾಗೆ ಬಾಗಿದ ಕೆಂಪು ಗೆರೆಯನ್ನು ನೋಡಿದಳು. ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದಳು. ಹಾಲಿನ ಡೈರಿಯಲ್ಲಿ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಎಲ್ಲೆಲ್ಲಿ ಬಾಯಿ ತೆರೆಯಬಹುದೋ ಅಲ್ಲೆಲ್ಲ "ನಮ್ ವೇದಾನ ಕಾಲಿಂದು ಮುಗೀತು ಕಣ್ರವ್ವ, ಇನ್ ಬರ್ಬ್ಯಾಡಿ" ಎಂದು ಹೇಳಿಕೊಂಡು ಬಂದಳು. ಸತ್ತವರ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. ಬರುವವರು ನಿಂತರು.

ಕಾಲು ಗಟ್ಟಿಯಾಗುತ್ತ ಬಂತು. ಪಟ್ಟಿ ಹಾಕಿಕೊಂಡು ಮೊದಲು ಅಂಗಳ, ಆಮೇಲೆ ಬೀದಿ. ಹೊರಳಲಿಲ್ಲ. ಇನ್ನು ಕೆಲವು ವಾರಕ್ಕೆ ಶಾಲೆಗೆ ಹೋಗಬಹುದು ಎಂದರು ಡಾಕ್ಟರು. ನರಸಿಂಹರಾಜು ಸಂತೋಷದಿಂದ ಮಧುಗಿರಿಯಿಂದ ಹೊಸ ಚಪ್ಪಲಿ ತಂದ.

ಆದರೆ ಚಿಲಕದ ಸದ್ದು ನಿಲ್ಲಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವುದೇನು? ಮೊದಲೆಲ್ಲ ಸದ್ದಾದರೆ ಕಾಲು ಹೊರಳುತ್ತಿತ್ತು, ಬೀಳುತ್ತಿದ್ದಳು, ಅಲ್ಲಿಗೆ ಅದು ಮುಗಿಯುತ್ತಿತ್ತು. ಈಗ ಕಾಲು ಗಟ್ಟಿಯಾಗಿ ನಿಂತಿರುತ್ತದೆ. ಸದ್ದಾಗುತ್ತದೆ, ಮಾತು ಬರುತ್ತದೆ, ಅವಳು ಬೀಳದೆ ನಿಂತೇ ಇರಬೇಕು, ಪೂರ್ತಿ ಕೇಳಿಸಿಕೊಳ್ಳಬೇಕು. ಗೇಟಿನ ಹತ್ತಿರ ಅರ್ಧ ಮುಖ ಕಾಣುತ್ತದೆ. ಅದು ಮುಂದಕ್ಕೂ ಹೋಗುವುದಿಲ್ಲ, ಒಳಕ್ಕೂ ಬರುವುದಿಲ್ಲ. ಅವನನ್ನು ಓಡಿಸಲೆಂದು ಕೊಯ್ಯಿಸಿಕೊಂಡರೆ, ಅವನ ಜೊತೆ ಬೇರೆ ಯಾರೂ ಇಲ್ಲದ ಹಾಗೆ ಆಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು. ಒಂದು ದಿನ ಗೇಟಿನ ಚಿಲಕವನ್ನೇ ಕಲ್ಲಿನಿಂದ ಜಜ್ಜಿ ಕಿತ್ತು ಚರಂಡಿಗೆ ಎಸೆದಳು. ಮಾರನೆಯ ಬೆಳಿಗ್ಗೆ ಇಲ್ಲದ ಚಿಲಕ ಸದ್ದು ಮಾಡಿತು.

ಅಂಥದೇ ಒಂದು ಬೆಳಿಗ್ಗೆ, ಇನ್ನೂ ಮಬ್ಬಿರುವಾಗ, ಅವಳು ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದಳು. ಗೇಟಿನ ಹತ್ತಿರ ಯಾರೋ ನಿಂತಿದ್ದರು. ಬಿಂದಿಗೆ ಕೈಜಾರಿತು. ಆದರೆ ಇದು ಪೂರ್ತಿ ಮುಖ, ಹೆಂಗಸಿನ ಮುಖ. ಒಂದು ಕೈ ಸೊಂಟದ ಮೇಲೆ.

"ಇಲ್ಲೆ ಅಲ್ವೇನಕ್ಕ, ಕಾಲಲ್ಲಿ ನೀವೋದು?"

"ನೀವ್ತಿದ್ದೆ. ಈಗಿಲ್ಲ. ಕಾಲು ಕೊಯ್ಸಿದೀನಿ, ಗುಣ ಹೋಗೈತೆ. ಯಾರೂ ಹೇಳ್ಲಿಲ್ವಾ? ವಾಪಸ್ ಹೋಗು."

"ನೆನ್ನೆ ಗೊರವನಹಳ್ಳಿ ದೇವಸ್ಥಾನಕ್ಕೆ ಬಂದಿದ್ದೆ, ಹಂಗೇ ಬಂದ್ಬುಟ್ಟೆ. ಕೊರಟಗೆರೆ ಕಡೆ ನಮ್ದು." ಹೆಂಗಸು ಗೇಟು ತಳ್ಳಿಕೊಂಡು ಒಳಗೆ ಬಂದಳು. "ಸಿದ್ದಗಂಗಮ್ಮ ಅಂತ. ನಮ್ಮೆಜಮಾನ್ರು ಒಂದ್ಸಲ ನಿನ್ತಾವ ಬಂದಿದ್ರು. ಮೋಟ್ರು ಎತ್ತೋರು."

ವೇದಾವತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಈ ದಿನಕ್ಕೆ ಅವಳು ಮೂರು ವರ್ಷ ಕಾದಿದ್ದಳು, ಹೆದರಿದ್ದಳು. ಗಂಡನನ್ನು ನುಂಗಿದ ಕಾಲು ಇದೇನಾ ಎಂದು ಈಕೆ ಕೇಳುತ್ತಾಳೆ. ಕೇಳಲಿ.

"ಅವತ್ತು ಅವ್ನು ತಿರುಗಿ ನೋಡ್ದ," ಎಂದಳು ವೇದಾವತಿ. ದನಿ ಒರಟಾಗಿ ಬಂತು. "ಗೇಟಿನ ಹತ್ರ. ತಿರುಗಬಾರ್ದಿತ್ತು."

"ಗೊತ್ತು. ಮನೆಗೆ ಬಂದು ಅದ್ನೇ ಹೇಳ್ಕೊಂಡು ನಗಾಡ್ತಿದ್ದ. ಪಾಪದ ಹೆಂಗ್ಸು, ಎಲ್ರಿಗೂ ನೀವ್ತಾಳೆ, ಅವ್ಳಿಗೆ ಯಾರವ್ರೆ ಅಂತ." ಸಿದ್ದಗಂಗಮ್ಮ ಜಗುಲಿಯ ಕಂಬಕ್ಕೆ ಒರಗಿದಳು. "ಅವನ್ದೊಂದು ಹಾಳು ಅಭ್ಯಾಸ ಕಣಕ್ಕ. ಕೆಲ್ಸಕ್ಕೆ ಹೊರಟ್ರೆ ಬೀದಿ ಕೊನೇತಂಕ ತಿರುಗಿ ತಿರುಗಿ ನೋಡೋನು. ಏನ್ ಮರೆತೋದೆ ಅಂದ್ರೆ, ಏನೂ ಇಲ್ಲ, ಸುಮ್ನೆ ಅನ್ನೋನು. ಅಂಗಡೀಲಿ ತಿರುಗೋನು, ದೇವಸ್ಥಾನದಲ್ಲಿ ತಿರುಗೋನು. ಕೆಲ್ಸದಲ್ಲೂ ತಿರುಗ್ದ. ಯಾರು ಕರೀಬೇಕಾಗಿತ್ತು ಅವ್ನ?"

ಅಷ್ಟು ಹೇಳಿ ಅವಳು ಇನ್ನು ಮಾತು ಬೇಡ ಎನ್ನುವ ಹಾಗೆ, ಸೆರಗು ಸಿಕ್ಕಿಸಿಕೊಂಡು, ನರಳುತ್ತ ಹೊಸ್ತಿಲ ಮೇಲೆ ಅಡ್ಡಲಾಗಿ ಮಲಗಿಬಿಟ್ಟಳು.

"ಎದ್ದೇಳಮ್ಮ, ಗುಣ ಹೋಗೈತೆ ಅಂದ್ನಲ್ಲ!"

"ಹೋಗಿದ್ರೆ ಹೋಗೈತೆ. ಕಾಲಂತೂ ಐತಲ್ಲ. ಇಡು."

ಒಳಗಿಂದ ಓಬಳಮ್ಮ ಎದ್ದು ಬಂದಿದ್ದಳು. ಸೊಸೆಯ ಮುಖ ನೋಡಿ ಪಕ್ಕಕ್ಕೆ ಸರಿದಳು.

ವೇದಾವತಿ ಬಲಗಾಲ ಮೇಲೆ ನಿಂತಳು. ಪಟ್ಟಿ ಬಿಚ್ಚಿದ ಎಡಗಾಲನ್ನು ಆ ಬೆನ್ನಿಗೆ ತಾಗಿಸಿದಾಗ ಮೊದಲಿನ ಬಿಸಿ ಏನೂ ಹತ್ತಲಿಲ್ಲ. ಬರೀ ಚರ್ಮ, ಹೊಲಿಗೆಯ ಗೆರೆ, ಅದರ ಕೆಳಗೆ ಇನ್ನೊಬ್ಬರ ಉಸಿರು. ಒಂದು ಸಲ ನೀವಿದಳು. ಎರಡು. ಮೂರು. ಮುಗಿದಾಗ ಅವಳ ಹಣೆಯೆಲ್ಲ ಬೆವರಿತ್ತು.

ಸಿದ್ದಗಂಗಮ್ಮ ಮೆಲ್ಲಗೆ ಎದ್ದು ಮೊಣಕಾಲ ಮೇಲೆ ಕೂತಳು. ಸೊಂಟ ಬಿಟ್ಟಿತೋ ಇಲ್ಲವೋ ಅವಳ ಮುಖದಲ್ಲಿ ತಿಳಿಯಲಿಲ್ಲ. ಮಾತಾಡಬಾರದೆಂಬ ಕ್ರಮ ಗೊತ್ತಿದ್ದವಳು, ಮಾತಾಡಲಿಲ್ಲ. ಬಾಗಿ, ಎದುರಿಗಿದ್ದ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಆ ಕೆಂಪು ಗೆರೆಯ ಉದ್ದಕ್ಕೂ ನೀವಿದಳು. ಕೂಲಿ ಮಾಡಿದ ಒರಟು ಹೆಬ್ಬೆರಳು. ಆಪರೇಷನ್ನಾದ ಮೇಲೆ ಆ ಗೆರೆಯನ್ನು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ, ವೇದಾವತಿಯೂ ಮುಟ್ಟಿಕೊಂಡಿರಲಿಲ್ಲ.

ಆಮೇಲೆ ಸಿದ್ದಗಂಗಮ್ಮ ಎದ್ದು ಹೊರಟಳು.

ಅಂಗಳ ದಾಟಿದಳು. ಗಂಗಹನುಮಯ್ಯ ನಿಂತಿದ್ದ ಜಾಗಕ್ಕೆ ಸರಿಯಾಗಿ ಬಂದು, ಗೇಟಿಗೆ ಕೈಯಿಟ್ಟು, ನಿಂತಳು. ಅವಳ ಹೆಗಲು ಅಲುಗಿತು. ಓಬಳಮ್ಮ ಉಸಿರಲ್ಲೇ "ತಿರುಗಬ್ಯಾಡ, ತಿರುಗಬ್ಯಾಡ ನನ್ನವ್ವ" ಎಂದಳು. ವೇದಾವತಿಗೆ ಆ ಕತ್ತು ಬಿಟ್ಟು ಬೇರೇನೂ ಕಾಣಲಿಲ್ಲ.

ಸಿದ್ದಗಂಗಮ್ಮ ಗೇಟು ತಳ್ಳಿದಳು. ಒಂದು ಕೈಯನ್ನು ಸ್ವಲ್ಪ ಹಿಂದಕ್ಕೆ ಚಾಚಿಕೊಂಡೇ ನಡೆದಳು, ದಾರಿಯುದ್ದಕ್ಕೂ ನಿಂತು ನಿಂತು ನೋಡುವವನನ್ನು ಬಿಡದೆ ಎಳೆದುಕೊಂಡು ಹೋಗುವವಳ ಹಾಗೆ. ಬೀದಿಯ ತಿರುವಿನಲ್ಲಿ ಹುಣಸೆಮರದ ಮಬ್ಬು ಇತ್ತು. ಅದರೊಳಗೆ ಹೋದಳು. ಗೇಟು ತೆರೆದೇ ಇತ್ತು, ಚಿಲಕ ಸದ್ದು ಮಾಡಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಆ ಮನೆಗೆ ಮತ್ತೆ ಬರಲೂ ಇಲ್ಲ.